ದೂರಿನ ಮುಂದೆ ಪಾಲಕ: ಆಪ್ತಸಮಾಲೋಚನೆಯ ನೀತಿಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಪ್ಪು ನೆಲವನ್ನು ಭತ್ತದ ಗದ್ದೆಯನ್ನಾಗಿ ಮಾಡಿದ ಮೇಲೆ ಆ ಸೀಮೆಗೆ ಹಲವು ದಿಕ್ಕುಗಳಿಂದ ಜನರು ಬಂದು ನೆಲೆಸಿದರು. ಆಂಧ್ರದಿಂದ ಬಂದ ಬೇಸಾಯಗಾರರ ಕ್ಯಾಂಪುಗಳು, ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಸರ್ಕಾರ ಕಲ್ಪಿಸಿದ ಪುನರ್ವಸತಿ ಕ್ಯಾಂಪುಗಳು ಇಂದಿಗೂ ಅಲ್ಲಿವೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯನ್ನು ನಂಬಿದ ಕಾರ್ಮಿಕ ಕುಟುಂಬಗಳಿವೆ. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮಸ್ಕಿಯ ಸುತ್ತ ಮಳೆಗಾಗಿ ಕಾಯುವ ಹಳ್ಳಿಗಳಿವೆ. ಸಾಲ, ಕುಡಿತ, ಮಕ್ಕಳಿಲ್ಲದ ಕೊರಗು, ಗಂಡನ ಹೊಡೆತ, ನಿದ್ರೆ ಬಾರದ ರಾತ್ರಿ ಇವುಗಳಿಂದ ಬಳಲಿದವರು ಇಂಥ ಕಡೆಗಳಲ್ಲಿ ಮನೋವೈದ್ಯರನ್ನು ಹುಡುಕಿಕೊಂಡು ಹೋಗುವುದಕ್ಕೆ ಮುಂಚೆ ಸಭಾಪಾಲಕನ ಬಾಗಿಲನ್ನು ತಟ್ಟುತ್ತಾರೆ. ಪಾಲಕನು ಬಯಸಲಿ ಬಯಸದಿರಲಿ, ಆಪ್ತಸಮಾಲೋಚಕನ ಪೀಠದಲ್ಲಿ ಕೂತಿರುತ್ತಾನೆ.

ಕೇಳಿಸಿಕೊಳ್ಳುವುದು ಹೇಗೆಂಬುದನ್ನು ನಮ್ಮ ದೈವಶಾಸ್ತ್ರದ ತರಗತಿಗಳಲ್ಲಿ ಕಲಿಸುತ್ತೇವೆ. ಆದರೆ ಕೇಳಿಸಿಕೊಂಡವನ ಮೇಲೆಯೇ ದೂರು ಬಂದಾಗ ಅವನು ಹೇಗೆ ನಿಲ್ಲಬೇಕೆಂಬುದನ್ನು ಕಲಿಸುವುದು ಅಪರೂಪ. ನಾನು ಹೇಳಿದ ಗುಟ್ಟು ಹೊರಗೆ ಹೋಯಿತು, ನನ್ನ ದುಃಖವನ್ನು ಪ್ರಸಂಗದ ಉದಾಹರಣೆ ಮಾಡಿದರು, ನನ್ನೊಡನೆ ಅನುಚಿತವಾಗಿ ವರ್ತಿಸಿದರು, ಎಂದು ಯಾರಾದರೂ ಹೇಳಿದ ದಿನ ಪಾಲಕನ ಮನಸ್ಸು ಮೊದಲು ಹುಡುಕುವುದು ತನ್ನ ರಕ್ಷಣೆಯ ದಾರಿಯನ್ನು. ವೃತ್ತಿಪರ ಮನೋಚಿಕಿತ್ಸಕರ ಪಾಡೂ ಇದೇ. ಈ ಪ್ರಶ್ನೆ ಹೊಸದಲ್ಲ. ಸಭೆಯ ಚರಿತ್ರೆಯಲ್ಲಿ ಅದಕ್ಕೆ ಕನಿಷ್ಠ ಹದಿನಾರು ಶತಮಾನಗಳ ವಯಸ್ಸಿದೆ. ಆ ಚರಿತ್ರೆಯಿಂದ ಒಂದು ಮಾತನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ: ದೂರು ಕೊಟ್ಟವರು ದೂರು ಕೊಟ್ಟ ಕಾರಣಕ್ಕೆ ನಮ್ಮ ಪಾಲನೆಯ ಹೊರಗಿನವರಾಗುವುದಿಲ್ಲ. ದೂರನ್ನು ನ್ಯಾಯವಾಗಿ ಎದುರಿಸುವುದು ಪಾಲನೆಯ ಕೆಲಸದ ಒಂದು ಭಾಗವೇ ಆಗಿದೆ.

1. ಕಿರಿಯರೂ ಹಿರಿಯರೂ: ಈ ನೆಲದ ಎರಡು ನೆನಪುಗಳು

1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಎಂಬಾತನು ಮಸ್ಕಿಯ ಬೆಟ್ಟದಲ್ಲಿ ಒಂದು ಶಿಲಾಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಶಾಸನದ ಮಾತಿನಿಂದಲೇ ಮೊದಲು ತೋರಿಸಿಕೊಟ್ಟ ಕಲ್ಲು ಇದು. ವಿದ್ವಾಂಸರು ಈ ಹೆಸರಿಗಾಗಿಯೇ ಮಸ್ಕಿಯನ್ನು ನೆನೆಯುತ್ತಾರೆ. ನಮ್ಮ ವಿಚಾರಕ್ಕೆ ಅದರ ಮುಂದಿನ ಸಾಲುಗಳು ಹೆಚ್ಚು ಮುಖ್ಯ. ಧರ್ಮದಲ್ಲಿ ತೊಡಗಿದ ಕಿರಿಯನಿಗೂ ಗುರಿಯು ದೊರೆಯಬಲ್ಲದು, ದೊಡ್ಡವರಿಗೆ ಮಾತ್ರ ಅದು ಲಭ್ಯವೆಂದು ಭಾವಿಸಬಾರದು, ಕಿರಿಯರಿಗೂ ಹಿರಿಯರಿಗೂ ಇದನ್ನು ಸಮನಾಗಿ ತಿಳಿಸಬೇಕು ಎಂಬುದು ಅವುಗಳ ತಾತ್ಪರ್ಯ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ ಅರಸನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದವು, ಆದರೆ ಒಂದು ವರ್ಷದ ಕಾಲ ತಾನು ತಕ್ಕಷ್ಟು ಶ್ರಮಿಸಲಿಲ್ಲ. ಅಧಿಕಾರದ ತುದಿಯಲ್ಲಿರುವವನು ತನ್ನ ಕೊರತೆಯನ್ನು ತಾನೇ ಕಲ್ಲಿನ ಮೇಲೆ ಬರೆಸಿದ ಉದಾಹರಣೆಗಳು ಲೋಕದಲ್ಲಿ ಹೆಚ್ಚಿಲ್ಲ.

ಕಳಿಂಗದ ಧೌಳಿ ಮತ್ತು ಜೌಗಡಗಳಲ್ಲಿ ದೊರೆತ ಅಶೋಕನ ಪ್ರತ್ಯೇಕ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿವೆ. ನ್ಯಾಯ ವಿಚಾರಿಸುವ ಅಧಿಕಾರಿಗಳನ್ನು ಕೆಡಿಸುವ ದೋಷಗಳನ್ನು ಅಲ್ಲಿ ಪಟ್ಟಿ ಮಾಡಲಾಗಿದೆ: ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ. ದೂರನ್ನು ಕೇಳುವ ಯಾವ ಸಮಿತಿಯೂ ಈ ಪಟ್ಟಿಯನ್ನು ಗೋಡೆಗೆ ತೂಗುಹಾಕಿಕೊಳ್ಳಬಹುದು. ಕೊನೆಯದಾದ ಬಳಲಿಕೆಯು ವಿಶೇಷವಾಗಿ ಗಮನಾರ್ಹ. ಕೇಳಿ ಕೇಳಿ ದಣಿದವನು ದುಷ್ಟನಾಗದೆಯೂ ಅನ್ಯಾಯ ಮಾಡಬಲ್ಲನು.

ಎರಡನೆಯ ನೆನಪು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರಕ್ಕೆ ಸಂಬಂಧಿಸಿದ್ದು. ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ ಆ ಊರಿನವರೆಂದು ಪ್ರತೀತಿ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಕಳುಹಿಸಿದಳು. ಮಾರಯ್ಯನು ಕಳ್ಳನಾಗಿರಲಿಲ್ಲ, ಅವನ ಉದ್ದೇಶವೂ ದಾಸೋಹವೇ ಆಗಿತ್ತು. ಆದರೆ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಅಳತೆ ಮೀರಬಹುದೆಂಬ ವಾದವನ್ನು ಅವನು ಹೂಡಲಿಲ್ಲ, ಹಿಂದಿರುಗಿ ಹೋದನು. ಸೇವೆಯಲ್ಲಿರುವವರ ಹೆಚ್ಚಿನ ತಪ್ಪುಗಳು ಹೀಗೆಯೇ ನಡೆಯುತ್ತವೆ: ಸಹಾಯದ ಹೆಸರಿನಲ್ಲಿ, ಗಡಿಯನ್ನು ಒಂದು ಹಿಡಿಯಷ್ಟು ದಾಟಿ. ಅದನ್ನು ಮೊದಲು ಕಾಣುವವರು ಹತ್ತಿರದಲ್ಲಿರುವ, ಅಧಿಕಾರವಿಲ್ಲದ ಯಾರೋ ಒಬ್ಬರು.

2. ಸತ್ಯವೇದದಲ್ಲಿ ದೂರು

ಈ ನೆಲದ ನೆನಪುಗಳೊಡನೆ ನಾವು ಸತ್ಯವೇದವನ್ನು ತೆರೆದರೆ, ಅಲ್ಲಿಯೂ ದೂರು ಅಪರೂಪದ ಸಂಗತಿಯಲ್ಲ. ಸಮುವೇಲನ ಚರಿತ್ರೆಯನ್ನು ನೋಡಿರಿ. ಅವನ ಮಕ್ಕಳು ನ್ಯಾಯಾಧಿಪತಿಗಳಾಗಿ ಲಂಚ ತೆಗೆದುಕೊಂಡಾಗ ಹಿರಿಯರು ರಾಮಕ್ಕೆ ಬಂದು ಅವನಿಗೆ ದೂರು ಹೇಳಿದರು. ಅದರೊಡನೆ ಅರಸನನ್ನೂ ಬೇಡಿದರು. ಅವನಿಗೆ ಅದು ಅಸಮಾಧಾನವಾಯಿತು. ತನ್ನನ್ನೇ ತಿರಸ್ಕರಿಸಿದರೆಂದು ಅವನು ನೊಂದನೆಂಬುದು ದೇವರು ಅವನಿಗೆ ಕೊಟ್ಟ ಉತ್ತರದಿಂದ ತಿಳಿಯುತ್ತದೆ. ಅರಸನ ಬೇಡಿಕೆಯ ಚರ್ಚೆಯಲ್ಲಿ ಮಕ್ಕಳ ಲಂಚದ ವಿಷಯ ಮರೆಯಾಗಿಬಿಡುತ್ತದೆ. ಆದರೆ ಮೊದಲನೆಯ ಸಮುವೇಲ 12ರಲ್ಲಿ ಅದೇ ವೃದ್ಧನು ಇಸ್ರಾಯೇಲ್ಯರೆಲ್ಲರ ಮುಂದೆ ನಿಂತು, ತಾನು ಯಾರ ಎತ್ತನ್ನು ತೆಗೆದುಕೊಂಡೆನು, ಯಾರನ್ನು ವಂಚಿಸಿದೆನು, ಸಾಕ್ಷಿ ಹೇಳಿರಿ, ತಿರುಗಿ ಕೊಡುತ್ತೇನೆ ಎಂದು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಎಂಟನೆಯ ಅಧ್ಯಾಯದ ನೊಂದ ಮನುಷ್ಯನಿಂದ ಹನ್ನೆರಡನೆಯ ಅಧ್ಯಾಯದ ತೆರೆದ ಮನುಷ್ಯನವರೆಗಿನ ದಾರಿಯೇ ಪಾಲಕನು ಕಲಿಯಬೇಕಾದ ದಾರಿ.

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಭಾಷೆಯ ಯೆಹೂದ್ಯರು ತಮ್ಮ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆಂದು ಗೊಣಗಿದರು. ಅಪೊಸ್ತಲರು ಗೊಣಗಿದವರ ಹೆಸರನ್ನು ಕೇಳಲಿಲ್ಲ, ಅವರ ಆತ್ಮಿಕ ಸ್ಥಿತಿಯನ್ನು ಪ್ರಶ್ನಿಸಲಿಲ್ಲ. ಹಂಚುವ ಕೆಲಸವನ್ನೇ ತಮ್ಮ ಕೈಯಿಂದ ಬಿಟ್ಟುಕೊಟ್ಟರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ನೊಂದ ಪಕ್ಷದವರಿಗೆ ತಕ್ಕಡಿಯ ಹತ್ತಿರ ಸ್ಥಾನ ದೊರೆಯಿತು.

ಎರಡು ವಾಕ್ಯಗಳನ್ನು ಮಾತ್ರ ನಾವು ಈ ವಿಷಯದಲ್ಲಿ ತಪ್ಪಾಗಿ ಬಳಸುತ್ತ ಬಂದಿದ್ದೇವೆ. ಮೊದಲನೆಯದು ಮತ್ತಾಯ 18:15. ತಪ್ಪು ಮಾಡಿದವನ ಬಳಿಗೆ ಹೋಗಿ ನೀನೂ ಅವನೂ ಮಾತ್ರ ಇರುವಾಗ ತಿಳಿಸು ಎಂಬ ಆ ಮಾತು ಸಹೋದರರ ನಡುವಣದು. ಅದೇ ಅಧ್ಯಾಯದ ಆರಂಭದಲ್ಲಿ ಕರ್ತನು ಚಿಕ್ಕವರನ್ನು ಎಡವಿಸುವವರ ಕುರಿತು ಬೀಸುವ ಕಲ್ಲಿನ ಮಾತನ್ನು ಆಡಿರುವುದನ್ನು ಮರೆತು, ನೋಯಿಸಿದವನ ಎದುರಿಗೆ ನೊಂದವಳನ್ನು ಒಂಟಿಯಾಗಿ ಕೂರಿಸುವುದು ಆ ವಾಕ್ಯದ ಪಾಲನೆಯಲ್ಲ. ಎರಡನೆಯದು ಒಂದನೆಯ ತಿಮೊಥೆಯ 5:19. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲಿನ ದೂರನ್ನು ಅಂಗೀಕರಿಸಬೇಡ ಎಂಬುದು ಗಾಳಿಮಾತಿನಿಂದ ರಕ್ಷಣೆ. ಆದರೆ ಸಮಾಲೋಚನೆಯ ಕೋಣೆಯಲ್ಲಿ ಮೂರನೆಯವರು ಇರುವುದೇ ಇಲ್ಲ. ಮುಚ್ಚಿದ ಬಾಗಿಲನ್ನು ನಾವೇ ನಿಯಮ ಮಾಡಿ, ಬಳಿಕ ಸಾಕ್ಷಿ ಎಲ್ಲಿ ಎಂದು ಕೇಳಿದರೆ ಅದು ನ್ಯಾಯವೇ? ಧರ್ಮೋಪದೇಶಕಾಂಡ 22:25-27 ಈ ಕಷ್ಟವನ್ನು ಬಲ್ಲದು: ಅಡವಿಯಲ್ಲಿ ಕೂಗಿದವಳಿಗೆ ರಕ್ಷಿಸುವವರಿರಲಿಲ್ಲ ಎಂಬುದನ್ನು ಅಲ್ಲಿಯ ನ್ಯಾಯವು ಅವಳ ಪಕ್ಷದಲ್ಲಿಯೇ ಎಣಿಸುತ್ತದೆ. ತಿಮೊಥೆಯನಿಗೆ ಬರೆದ ಮಾತೂ ಮುಂದಿನ ಎರಡು ವಚನಗಳಲ್ಲಿ, ತಪ್ಪಿತಸ್ಥರಾದ ಹಿರಿಯರನ್ನು ಎಲ್ಲರ ಮುಂದೆ ಗದರಿಸಬೇಕು, ಪಕ್ಷಪಾತದಿಂದ ಏನನ್ನೂ ಮಾಡಬಾರದು ಎಂದು ಮುಂದುವರಿಯುತ್ತದೆ.

3. ಕಾನ್‌ಸ್ಟಾಂಟಿನೋಪಲ್, 391: ಹೆಸರು ಉಳಿಯದ ಒಬ್ಬ ಹೆಂಗಸು

ಆಪ್ತಸಮಾಲೋಚನೆಯಲ್ಲಿ ಹುಟ್ಟಿದ ದೂರಿಗೆ ಸಭಾಚರಿತ್ರೆಯಲ್ಲಿ ದೊರೆಯುವ ಪ್ರಸಿದ್ಧ ಪ್ರಾಚೀನ ಉದಾಹರಣೆ ಕಾನ್‌ಸ್ಟಾಂಟಿನೋಪಲಿನದು. ಮೂರನೆಯ ಶತಮಾನದ ಹಿಂಸೆಯ ನಂತರ ಪೂರ್ವದ ಸಭೆಗಳಲ್ಲಿ ಪಶ್ಚಾತ್ತಾಪಿಗಳ ನಿವೇದನೆಯನ್ನು ಕೇಳಲು ಒಬ್ಬ ವಿಶೇಷ ಸಭಾಹಿರಿಯನನ್ನು ನೇಮಿಸುವ ವಾಡಿಕೆ ಬೆಳೆದಿತ್ತು. ವಿವೇಕಿಯೂ ಗುಟ್ಟನ್ನು ಕಾಯಬಲ್ಲವನೂ ಆದವನನ್ನು ಈ ಹುದ್ದೆಗೆ ಆರಿಸುತ್ತಿದ್ದರು. 391ರ ಸುಮಾರಿಗೆ, ನೆಕ್ತಾರಿಯುಸ್ ಬಿಷಪನಾಗಿದ್ದಾಗ, ಕುಲೀನ ಮನೆತನದ ಒಬ್ಬ ಹೆಂಗಸು ಈ ಹಿರಿಯನ ಬಳಿ ತನ್ನ ಪಾಪಗಳನ್ನು ನಿವೇದಿಸಿದಳು. ಉಪವಾಸ ಮತ್ತು ಪ್ರಾರ್ಥನೆಗಳನ್ನು ಅವನು ವಿಧಿಸಿದನು. ಅದಕ್ಕಾಗಿ ಅವಳು ದೇವಾಲಯದಲ್ಲಿ ಕಾಲ ಕಳೆಯುತ್ತಿದ್ದಾಗ ಅಲ್ಲಿಯ ಒಬ್ಬ ಸಭಾಸೇವಕನು ಅವಳನ್ನು ಕೆಡಿಸಿದನೆಂಬ ಸಂಗತಿ ಬೆಳಕಿಗೆ ಬಂದಿತು.

ಈ ಘಟನೆಯನ್ನು ಐದನೆಯ ಶತಮಾನದ ಇಬ್ಬರು ಸಭಾಚರಿತ್ರಕಾರರು ಬರೆದಿದ್ದಾರೆ. ಸಾಕ್ರಟೀಸನ ಬರವಣಿಗೆಯಲ್ಲಿ ಆ ಹೆಂಗಸು ಅದನ್ನು ತನ್ನ ಇನ್ನೊಂದು ಪಾಪವೆಂದು ನಿವೇದಿಸುತ್ತಾಳೆ. ಸೊಜೊಮೆನನಲ್ಲಿ ಸಭಾಸೇವಕನು ತನಗೆ ಮಾಡಿದ್ದನ್ನು ಬಯಲು ಮಾಡುತ್ತಾಳೆ. ಒಂದೇ ಸಂಗತಿ, ಒಂದು ಕಡೆ ಪಾಪನಿವೇದನೆ, ಇನ್ನೊಂದು ಕಡೆ ದೂರು. ಇಂದಿಗೂ ನೊಂದವರು ತಮ್ಮ ಮೊದಲ ಮಾತನ್ನು ತಪ್ಪೊಪ್ಪಿಗೆಯ ಭಾಷೆಯಲ್ಲಿಯೇ ಆಡುತ್ತಾರೆ. ತಪ್ಪೊಪ್ಪಿಗೆಯೆಂದು ಕೇಳಿಸಿಕೊಂಡು ಕ್ಷಮೆಯನ್ನು ಸಾರಿ ಕಳುಹಿಸಿಬಿಡುವ ಪಾಲಕನು, ತನ್ನ ಮುಂದೆ ಇಡಲ್ಪಟ್ಟದ್ದು ಒಂದು ದೂರೆಂಬುದನ್ನು ಗುರುತಿಸದೆಯೇ ಹೋಗುತ್ತಾನೆ.

ಮುಂದೆ ಏನಾಯಿತು? ಸಭಾಸೇವಕನನ್ನು ಹುದ್ದೆಯಿಂದ ತೆಗೆದರು. ಸಭೆಗೆ ಅವಮಾನವಾಯಿತೆಂದು ಜನರು ಸಿಡಿದೆದ್ದರು, ಯಾಜಕವರ್ಗವೆಲ್ಲ ನಿಂದೆಗೆ ಗುರಿಯಾಯಿತು. ಆಗ ಅಲೆಕ್ಸಾಂದ್ರಿಯ ಮೂಲದ ಯೂದೆಮೋನ್ ಎಂಬ ಹಿರಿಯನ ಸಲಹೆಯಂತೆ ನೆಕ್ತಾರಿಯುಸನು ನಿವೇದನೆ ಕೇಳುವ ಹುದ್ದೆಯನ್ನೇ ರದ್ದುಮಾಡಿದನು; ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಗೆ ತೋರಿದಂತೆ ಪ್ರಭುಭೋಜನಕ್ಕೆ ಬರಬಹುದೆಂದನು. ಯೂದೆಮೋನನ ಬಾಯಿಂದಲೇ ಇದನ್ನು ಕೇಳಿದ ಸಾಕ್ರಟೀಸನು, ಇದರಿಂದ ಸಭೆಗೆ ಒಳಿತಾಯಿತೋ ಇಲ್ಲವೋ ದೇವರೇ ಬಲ್ಲನು, ಒಬ್ಬರನ್ನೊಬ್ಬರು ತಿದ್ದುವ ದಾರಿ ಮುಚ್ಚಿತಲ್ಲ ಎಂಬ ಅರ್ಥದಲ್ಲಿ ಸಂಶಯಪಟ್ಟನು.

ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಯನ್ನೇ ಕಿತ್ತುಹಾಕಿದಂತಾಯಿತು. ಸಂಸ್ಥೆಯು ತನ್ನ ಮಾನವನ್ನು ಉಳಿಸಿಕೊಳ್ಳಲು ಆತುರದಿಂದ ನಡೆದುಕೊಂಡಿತು. ಈ ವೃತ್ತಾಂತದಲ್ಲಿ ಬಿಷಪನಿಗೆ ಹೆಸರಿದೆ, ಸಲಹೆ ಕೊಟ್ಟ ಹಿರಿಯನಿಗೆ ಹೆಸರಿದೆ. ಆ ಹೆಂಗಸಿಗೆ ಹೆಸರಿಲ್ಲ. ಅವಳ ಪಶ್ಚಾತ್ತಾಪದ ಪಥ ಎಲ್ಲಿಗೆ ಮುಟ್ಟಿತು, ಯಾರು ಅವಳನ್ನು ಸಂತೈಸಿದರು, ಅವಳು ಮತ್ತೆ ಆ ದೇವಾಲಯದೊಳಗೆ ಕಾಲಿಟ್ಟಳೇ, ಇಬ್ಬರು ಚರಿತ್ರಕಾರರೂ ಹೇಳುವುದಿಲ್ಲ. ಶಿಕ್ಷೆಯಾಯಿತು, ಸುಧಾರಣೆಯಾಯಿತು, ದೂರು ಕೊಟ್ಟವಳ ಪಾಲನೆ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

4. ಓಕ್ ಮರದ ಸಭಾಕೂಟ, 403: ಆರೋಪಿಯೇ ನ್ಯಾಯಾಧಿಪತಿ

ನೆಕ್ತಾರಿಯುಸನ ನಂತರ ಅದೇ ಪೀಠಕ್ಕೆ ಬಂದವನು ಯೋಹಾನ ಕ್ರಿಸೊಸ್ತೊಮನು. ಅವನ ಕಾಲದಲ್ಲಿ ಇನ್ನೊಂದು ಬಗೆಯ ಕೆಡುಕು ಕಾಣಿಸಿತು. ಐಗುಪ್ತದ ನಿತ್ರಿಯಾ ಅರಣ್ಯದ ಸನ್ಯಾಸಿಗಳು, ನೀಳ ಸಹೋದರರೆಂದು ಹೆಸರಾದ ನಾಲ್ವರ ಮುಂದಾಳುತನದಲ್ಲಿ, ಅಲೆಕ್ಸಾಂದ್ರಿಯದ ಬಿಷಪ್ ಥೆಯೋಫಿಲನು ತಮ್ಮನ್ನು ಹಿಂಸಿಸಿದನೆಂದು ದೂರು ಹೊತ್ತು ರಾಜಧಾನಿಗೆ ಬಂದರು. ಆ ದೂರಿಗೆ ಉತ್ತರ ಕೊಡಬೇಕೆಂದು ಥೆಯೋಫಿಲನನ್ನು ಕರೆಸಲಾಯಿತು. ಅವನು ತನ್ನ ಪಕ್ಷದ ಬಿಷಪರನ್ನು ಕರೆತಂದು, 403ರಲ್ಲಿ ಕಲ್ಕೆದೋನಿನ ಬಳಿಯ ಓಕ್ ಎಂಬ ಸ್ಥಳದಲ್ಲಿ ಸಭೆ ಸೇರಿಸಿ, ಕ್ರಿಸೊಸ್ತೊಮನನ್ನೇ ಆರೋಪಿಯನ್ನಾಗಿ ಮಾಡಿದನು. ಉತ್ತರ ಕೊಡಬೇಕಾದವನು ತೀರ್ಪು ಕೊಡುವವನಾದನು. ದೂರು ತಂದ ಸನ್ಯಾಸಿಗಳ ಪ್ರಶ್ನೆ ಬದಿಗೆ ಸರಿಯಿತು.

ಕ್ರಿಸೊಸ್ತೊಮನ ಮೇಲೆ 29 ಆರೋಪಗಳನ್ನು ಸಲ್ಲಿಸಿದವನು ಅವನಿಂದಲೇ ತೆಗೆದುಹಾಕಲ್ಪಟ್ಟ ಒಬ್ಬ ಸಭಾಸೇವಕನು. ಒಂಟಿಯಾಗಿ ಊಟ ಮಾಡುತ್ತಾನೆಂಬಂಥ ಕ್ಷುಲ್ಲಕ ಆರೋಪವೂ ಅಲ್ಲಿತ್ತು. ಉಳಿದವರನ್ನು ಹೊರಗೆ ಕಳುಹಿಸಿ ಸ್ತ್ರೀಯರನ್ನು ಒಬ್ಬನೇ ಕಾಣುತ್ತಾನೆಂಬ, ಇಂದಿನ ಸಮಾಲೋಚಕನ ಎದೆಯನ್ನು ನಡುಗಿಸುವ ಆರೋಪವೂ ಇತ್ತು. ಕ್ರಿಸೊಸ್ತೊಮನು ವಿಚಾರಣೆಯನ್ನೇ ತಿರಸ್ಕರಿಸಲಿಲ್ಲ. ತನ್ನ ಬಹಿರಂಗ ವೈರಿಗಳು ನ್ಯಾಯಪೀಠದಿಂದ ಇಳಿದರೆ ಬರುತ್ತೇನೆಂದನು. ಅವರು ಇಳಿಯಲಿಲ್ಲ, ಅವನು ಬರಲಿಲ್ಲ, ಅವನನ್ನು ಪದಚ್ಯುತಗೊಳಿಸಿದರು. ಬೇಗನೆ ಹಿಂದಕ್ಕೆ ಕರೆಸಲ್ಪಟ್ಟರೂ 404ರಲ್ಲಿ ಮತ್ತೆ ಗಡಿಪಾರಾಗಿ 407ರಲ್ಲಿ ದಾರಿಯಲ್ಲಿಯೇ ತೀರಿಕೊಂಡನು.

ಈ ಎರಡು ಘಟನೆಗಳನ್ನು ಜೊತೆಗಿಟ್ಟು ಓದಬೇಕು. ಮೊದಲನೆಯದರಲ್ಲಿ ದೂರು ನಿಜ, ನೊಂದವಳು ಮರೆತುಹೋದಳು. ಎರಡನೆಯದರಲ್ಲಿ ದೂರು ಆಯುಧ, ಆರೋಪಿ ನ್ಯಾಯವಿಲ್ಲದೆ ಹಾಳಾದನು. ದೂರುಗಳೆಲ್ಲ ನಿಜವೆನ್ನುವವರಿಗೂ ದೂರುಗಳೆಲ್ಲ ಸಂಚೆನ್ನುವವರಿಗೂ ಚರಿತ್ರೆಯು ಅರ್ಧ ಸಾಕ್ಷ್ಯವನ್ನು ಮಾತ್ರ ಕೊಡುತ್ತದೆ. ಎರಡು ಕಡೆಗಳಲ್ಲೂ ಕೊರತೆಯಾದದ್ದು ಒಂದೇ: ಯಾರ ಕೈಯಲ್ಲೂ ಸೇರದೆ ನಿಂತ, ಮೊದಲೇ ಗೊತ್ತಾದ ಒಂದು ಕ್ರಮ.

5. ಕ್ರಮದ ಹುಡುಕಾಟ: 1215ರಿಂದ 1741

ಅಂಥ ಕ್ರಮವನ್ನು ಕಟ್ಟುವ ಪ್ರಯತ್ನ ಪಶ್ಚಿಮದ ಸಭೆಯಲ್ಲಿ 1215ರ ನಾಲ್ಕನೆಯ ಲಾತೆರಾನ್ ಮಹಾಸಭೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದರ 21ನೆಯ ನಿಯಮವು ನಿವೇದನೆ ಕೇಳುವ ಯಾಜಕನನ್ನು ಗಾಯಕ್ಕೆ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಹೊಯ್ಯುವ ನಿಪುಣ ವೈದ್ಯನಿಗೆ ಹೋಲಿಸುತ್ತದೆ. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಗುಟ್ಟನ್ನು ಬಿಟ್ಟುಕೊಡಬಾರದು. ತನಗಿಂತ ಬಲ್ಲವರ ಸಲಹೆ ಬೇಕಾದರೆ ವ್ಯಕ್ತಿಯ ಗುರುತು ತಿಳಿಸದೆ ಕೇಳಬೇಕು. ಗುಟ್ಟನ್ನು ಬಯಲು ಮಾಡಿದವನನ್ನು ಹುದ್ದೆಯಿಂದ ತೆಗೆದು ಜೀವಾವಧಿ ಪ್ರಾಯಶ್ಚಿತ್ತಕ್ಕಾಗಿ ಮಠಕ್ಕೆ ಸೇರಿಸಬೇಕು. ಇಂದಿನ ಮನೋಚಿಕಿತ್ಸಕರು ಹಿರಿಯ ಸಹೋದ್ಯೋಗಿಯ ಮೇಲ್ವಿಚಾರಣೆಯೆಂದು ಕರೆಯುವ ಪದ್ಧತಿಯ ಬೀಜ ಇಲ್ಲಿದೆ.

ಅದೇ ಮಹಾಸಭೆಯ 8ನೆಯ ನಿಯಮವು ದೂರಿನ ವಿಚಾರಣೆಗೆ ಸಂಬಂಧಿಸಿದ್ದು. ಅದರ ಆಧಾರವಚನಗಳಲ್ಲಿ ಒಂದು ಆದಿಕಾಂಡ 18ರಿಂದ ಬಂದಿದೆ: ಸೊದೋಮಿನ ಕೂಗು ತನ್ನ ಬಳಿಗೆ ಬಂದಾಗ ದೇವರು ಕೇಳಿದಷ್ಟರಿಂದಲೇ ತೀರ್ಪುಕೊಡದೆ, ಇಳಿದು ಹೋಗಿ ನೋಡಿ ತಿಳಿದುಕೊಳ್ಳುತ್ತೇನೆ ಅನ್ನುತ್ತಾನೆ. ಇನ್ನೊಂದು ಲೂಕ 16ರ ಮನೆವಾರ್ತೆಯವನ ಸಾಮ್ಯ: ನಿನ್ನ ವಿಷಯವಾಗಿ ಕೇಳುವುದೇನು, ಲೆಕ್ಕ ಒಪ್ಪಿಸು ಎಂಬ ಯಜಮಾನನ ಕರೆ. ಕೂಗನ್ನು ಅಲಕ್ಷಿಸುವುದೂ ತಪ್ಪು, ಕೂಗನ್ನೇ ತೀರ್ಪೆಂದು ಎಣಿಸುವುದೂ ತಪ್ಪು. ಆರೋಪಿತನು ಹಾಜರಿರಬೇಕು, ಆರೋಪಗಳನ್ನೂ ಸಾಕ್ಷಿಗಳ ಹೆಸರನ್ನೂ ಅವನಿಗೆ ತಿಳಿಸಬೇಕು, ಅವನ ಉತ್ತರವನ್ನು ಕೇಳಬೇಕು ಎಂಬುದು ನಿಯಮದ ಸಾರ.

1541ರ ಜಿನೀವಾದ ಸಭಾಶಾಸನಗಳು ಬೋಧಕರು ಮೂರು ತಿಂಗಳಿಗೊಮ್ಮೆ ಸೇರಿ ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳಬೇಕೆಂದು ವಿಧಿಸಿದವು. ದೂರು ಬರುವ ಮೊದಲೇ ದೋಷವನ್ನು ಹುಡುಕುವ ಕ್ರಮವಿದು. ಮಿಲಾನಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮೆಯೊ 1577ರ ತನ್ನ ಸೂಚನೆಗಳಲ್ಲಿ ಯಾಜಕನಿಗೂ ನಿವೇದಿಸುವವರಿಗೂ ನಡುವೆ ಜಾಲರಿಯಿರುವ ಪೀಠವನ್ನು ವಿವರಿಸಿದನು. ಬಾಗಿಲು, ಬೆಳಕು, ಅಂತರ, ಇವುಗಳೂ ನೀತಿಯ ಉಪಕರಣಗಳೆಂದು ಅವನು ಅರಿತಿದ್ದನು. ನಿವೇದನೆಯ ಸಂದರ್ಭವನ್ನು ಕಾಮಕ್ಕೆ ಬಳಸುವ ಯಾಜಕರ ವಿರುದ್ಧ 1622ರಲ್ಲಿ ಹದಿನೈದನೆಯ ಗ್ರೆಗೊರಿಯೂ, 1741ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟನೂ ಕಠಿಣ ಶಾಸನಗಳನ್ನು ಹೊರಡಿಸಿದರು. 1741ರ ಶಾಸನವು ನಿರಪರಾಧಿ ಯಾಜಕನ ಮೇಲೆ ಸುಳ್ಳು ದೂರು ಕೊಡುವುದನ್ನೂ ಘೋರ ಪಾಪವೆಂದು ಎಣಿಸಿತು. ಕಾನ್‌ಸ್ಟಾಂಟಿನೋಪಲಿನ ಪಾಠವನ್ನೂ ಓಕ್‌ನ ಪಾಠವನ್ನೂ ಒಂದೇ ಕಾಗದದಲ್ಲಿ ಬರೆದಂತಾಯಿತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೋಲಿಕ ಸಮುದಾಯವು ದಖ್ಖನಿನ ಅತ್ಯಂತ ಹಳೆಯ ಕ್ರೈಸ್ತ ಸಮುದಾಯಗಳಲ್ಲಿ ಒಂದು. ಆದಿಲಶಾಹಿಗಳ ಕಾಲದಿಂದ ಅದು ಬಾಳಿಬಂದಿದೆ. ಆದ್ದರಿಂದ ಈ ನಿಯಮಗಳ ಚರಿತ್ರೆ ಈ ನೆಲಕ್ಕೆ ಪರದೇಶದ್ದಲ್ಲ.

6. ನಮ್ಮ ಕಾಲದ ಕಾಯಿದೆ ಮತ್ತು ಅದರ ಹೊರಗೆ ಉಳಿದ ಕೋಣೆ

ಇಪ್ಪತ್ತನೆಯ ಶತಮಾನದಲ್ಲಿ ಈ ಜವಾಬ್ದಾರಿ ಸಭೆಯ ಕೈಯಿಂದ ವೃತ್ತಿಸಂಸ್ಥೆಗಳ ಮತ್ತು ರಾಜ್ಯದ ಕೈಗೆ ಬಂದಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ತನ್ನ ಮೊದಲ ನೀತಿಸಂಹಿತೆಯನ್ನು 1953ರಲ್ಲಿ ಪ್ರಕಟಿಸಿತು. ಸದಸ್ಯರು ತಮ್ಮ ಕೆಲಸದಲ್ಲಿ ಎದುರಿಸಿದ ನಿಜವಾದ ಇಕ್ಕಟ್ಟುಗಳನ್ನು ಸಂಗ್ರಹಿಸಿ ಅದನ್ನು ರೂಪಿಸಿದ್ದು ಅದರ ವಿಶೇಷ. ಭಾರತದಲ್ಲಿ 1992ರ ಪುನರ್ವಸತಿ ಪರಿಷತ್ತಿನ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ನೋಂದಣಿಯನ್ನು ತಂದಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಸೇರಿಸಿತು. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು.

ಇವುಗಳಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಅದರ 23ನೆಯ ಕಲಮು ಗೌಪ್ಯತೆಯನ್ನು ಹಕ್ಕೆಂದು ಕರೆಯುತ್ತದೆ. 28ನೆಯ ಕಲಮು ದೂರು ಕೊಡುವುದನ್ನೂ ಹಕ್ಕೆಂದು ಕರೆಯುತ್ತದೆ: ಮೊದಲು ಚಿಕಿತ್ಸಾಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಪುನರ್ವಿಮರ್ಶಾ ಮಂಡಳಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಪ್ರಾಧಿಕಾರಕ್ಕೆ. ಮತ್ತಾಯ 18ರ ಮೂರು ಮೆಟ್ಟಲುಗಳು ನೆನಪಾಗುತ್ತವೆ. ಆದರೆ ನ್ಯಾಯಾಲಯದ ದಾರಿಯೂ ತೆರೆದೇ ಇರುತ್ತದೆಂದು ಕಾಯಿದೆಯು ಸೇರಿಸುತ್ತದೆ. ಮಂಡಳಿಯಲ್ಲಿ ನ್ಯಾಯಾಧೀಶರು ಮತ್ತು ವೈದ್ಯರೊಡನೆ, ಮನೋರೋಗವನ್ನು ಸ್ವತಃ ಅನುಭವಿಸಿದವರಿಗೆ, ಅವರ ಆರೈಕೆ ಮಾಡುವವರಿಗೆ ಅಥವಾ ಅವರಿಗಾಗಿ ದುಡಿಯುವ ಸಂಸ್ಥೆಗಳವರಿಗೆ ಎರಡು ಸ್ಥಾನಗಳಿವೆ. ಏಳು ಗ್ರೀಕ್ ಹೆಸರುಗಳ ನ್ಯಾಯವು ಇಲ್ಲಿ ಶಾಸನದ ಭಾಷೆಯಲ್ಲಿ ಮರಳಿ ಬಂದಿದೆ.

ಚಿಕಿತ್ಸೆಯನ್ನು ಹಳ್ಳಿಗೆ ಹತ್ತಿರ ತರುವ ಕೆಲಸ ನಮ್ಮ ಸೀಮೆಯ ನೆರೆಯಲ್ಲಿಯೇ ಆರಂಭವಾಯಿತೆಂಬುದು ಸ್ಮರಣೀಯ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಆದರೆ ಸಿಂಧನೂರಿನ ಸಭಾಪಾಲಕನ ಕೋಣೆ ಈ ಎಲ್ಲ ಕಾಯಿದೆಗಳ ಅಂಚಿನಲ್ಲಿ ನಿಂತಿದೆ. ಅವನು ಶುಲ್ಕ ಪಡೆಯುವುದಿಲ್ಲ. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆಯನ್ನು 1995ರ ತೀರ್ಪು ಗ್ರಾಹಕ ಕಾಯಿದೆಯ ಹೊರಗೆ ಇರಿಸಿದೆ. ಅವನ ಕೋಣೆ ಚಿಕಿತ್ಸಾಲಯವಲ್ಲ, ಅವನು ನೋಂದಾಯಿತ ವೃತ್ತಿಪರನೂ ಅಲ್ಲ. ಅಪರಾಧ ನಡೆದರೆ ಪೊಲೀಸರ ಬಾಗಿಲು ತೆರೆದಿದೆ ನಿಜ. ಅಪರಾಧದ ಮಟ್ಟಕ್ಕೇರದ ನೋವುಗಳಾದ ಒಡೆದ ಗುಟ್ಟು, ಹೇರಿದ ಸಲಹೆ, ದುರುಪಯೋಗವಾದ ನಂಬಿಕೆ ಇವುಗಳಿಗೆ ಸಭೆಯೇ ಬಾಗಿಲನ್ನು ಮಾಡಿಕೊಡದಿದ್ದರೆ ಬೇರೆ ಬಾಗಿಲಿಲ್ಲ. ಉಚಿತವಾಗಿ ಪಡೆದವರು ದೂರುವ ಹಕ್ಕನ್ನು ಕಳೆದುಕೊಂಡರೆಂದು ಎಣಿಸುವುದು ಸುವಾರ್ತೆಗೆ ವಿರುದ್ಧವಾದ ವ್ಯಾಪಾರಬುದ್ಧಿ.

7. ದೂರು ಬಂದ ದಿನ

ಚರಿತ್ರೆಯ ಈ ಸಾಕ್ಷ್ಯದಿಂದ, ಪಾಲಕನಾಗಲಿ ವೃತ್ತಿಪರ ಚಿಕಿತ್ಸಕನಾಗಲಿ ತನ್ನ ಮೇಲೆ ದೂರು ಬಂದ ದಿನ ಹೇಗೆ ನಡೆಯಬೇಕೆಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಅವನು ಆ ದಿನವೇ ಉತ್ತರಿಸಬಾರದು. ಮುಂಗೋಪ ಮತ್ತು ಆತುರಗಳು ಸನ್ನತಿಯ ಪಟ್ಟಿಯಲ್ಲಿ ಸುಮ್ಮನೆ ಸೇರಿಲ್ಲ. ದೂರು ತಲುಪಿತೆಂದು ಒಪ್ಪಿಕೊಂಡು, ಅದನ್ನು ತನ್ನ ಮೇಲಿನ ಹೊಣೆಗಾರರಿಗೆ ತಾನೇ ಲಿಖಿತವಾಗಿ ತಿಳಿಸಬೇಕು. ತನ್ನ ಟಿಪ್ಪಣಿಗಳು ಹೇಗಿದ್ದವೋ ಹಾಗೆಯೇ ಉಳಿಯಬೇಕು. ದೂರಿನ ನಂತರ ತಿದ್ದಿದ ಒಂದು ಸಾಲು ನಿರಪರಾಧಿಯನ್ನೂ ಅಪರಾಧಿಯನ್ನಾಗಿ ಮಾಡುತ್ತದೆ.

ಅವನು ನ್ಯಾಯಪೀಠದಿಂದ ಇಳಿಯಬೇಕು. ವಿಚಾರಿಸುವ ಸಮಿತಿಯನ್ನು ತಾನೇ ಆರಿಸುವುದು, ತನ್ನ ಆಪ್ತ ಹಿರಿಯರನ್ನು ಅದರಲ್ಲಿ ಕೂರಿಸುವುದು ಥೆಯೋಫಿಲನ ದಾರಿ. ನಮ್ಮ ಊರುಗಳಲ್ಲಿ ಇದರ ಇನ್ನೊಂದು ರೂಪ ರಾಜಿ ಪಂಚಾಯಿತಿ. ನಾಲ್ಕು ಜನ ಹಿರಿಯರು ರಾತ್ರಿ ದೂರುದಾರರ ಮನೆಗೆ ಹೋಗಿ, ಸಭೆಯ ಮಾನ ಕಾಪಾಡಿರೆಂದು ಕೈಮುಗಿಯುತ್ತಾರೆ. ಕೈಮುಗಿದರೂ ಅದು ಒತ್ತಾಯವೇ. ವಿಚಾರಣೆ ಮುಗಿಯುವವರೆಗೆ ಆರೋಪಿತನು ದೂರುದಾರರನ್ನು ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಸಂಧಿಸಬಾರದು.

ಗುಟ್ಟಿನ ಹೊಣೆ ದೂರಿನೊಡನೆ ಮುಗಿಯುವುದಿಲ್ಲ. ಕೋಣೆಯಲ್ಲಿ ಕೇಳಿದ್ದನ್ನೆಲ್ಲ ತನ್ನ ರಕ್ಷಣೆಗಾಗಿ ಹರಡಿಬಿಡುವುದು ಎಲ್ಲಕ್ಕಿಂತ ದೊಡ್ಡ ಶೋಧನೆ: ಅವಳ ಮನಸ್ಸೇ ಸರಿಯಿಲ್ಲ, ಅವಳ ಮನೆಯ ಕಥೆ ನಿಮಗೆ ಗೊತ್ತಿಲ್ಲ. ಸಮಿತಿಯು ಕೇಳಿದ ಪ್ರಶ್ನೆಗೆ ಬೇಕಾದಷ್ಟನ್ನು ಮಾತ್ರ, ಸಮಿತಿಗೆ ಮಾತ್ರ ಹೇಳಬೇಕು. ಪ್ರಸಂಗಪೀಠದಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಪ್ರಾರ್ಥನಾವಿಷಯದ ಮರೆಯಲ್ಲಿ ಹೇಳಬಾರದು. ಸಲಹೆ ಬೇಕಾದರೆ 1215ರ ನಿಯಮದಂತೆ ಗುರುತು ತಿಳಿಸದೆ ಕೇಳಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಗುಟ್ಟಿಗೂ ಸಭೆಯ ಸಮಿತಿಗೂ ಸ್ಥಾನವಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ, ತಿಳಿಸದಿರುವುದೇ ಅಪರಾಧ. ಸಂಸ್ಥೆಯಲ್ಲಿ ದುಡಿಯುವ ಹೆಂಗಸರ ದೂರುಗಳಿಗೆ 2013ರ ಕಾಯಿದೆಯು ಹೊರಗಿನ ಸದಸ್ಯರೊಬ್ಬರನ್ನು ಒಳಗೊಂಡ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿದೆ. ಶಾಲೆ, ಆಸ್ಪತ್ರೆ, ವಸತಿಗೃಹಗಳನ್ನು ನಡೆಸುವ ಸಭೆಗಳು ಇದನ್ನು ಹೊರೆಯೆಂದು ಎಣಿಸದೆ ಯೂದೆಮೋನನಿಗೆ ಹೊಳೆಯದೆ ಹೋದ ದಾರಿಯೆಂದು ಎಣಿಸಲಿ.

ಆರೋಪಿತನಾದ ಪಾಲಕನಿಗೂ ಪಾಲಕನು ಬೇಕು. ಸುಳ್ಳು ದೂರಿನ ಕೆಳಗೆ ನಲುಗಿದವರು ನಮ್ಮಲ್ಲಿದ್ದಾರೆ. ಅವರ ಮನೆಯವರ ಅಳಲನ್ನು ಲಘುವಾಗಿ ಕಾಣಬಾರದು. ಅವನಿಗೆ ಆರೋಪವನ್ನು ಸ್ಪಷ್ಟವಾಗಿ ತಿಳಿಸಬೇಕು, ಉತ್ತರಕ್ಕೆ ಕಾಲ ಕೊಡಬೇಕು, ನಿರಪರಾಧಿಯೆಂದು ಕಂಡುಬಂದರೆ ಅದನ್ನು ದೂರಿನಷ್ಟೇ ಗಟ್ಟಿಯಾಗಿ ಸಾರಬೇಕು. ಆದರೆ ಅವನ ಜೊತೆ ನಡೆಯುವವರು ಅವನ ನ್ಯಾಯಾಧಿಪತಿಗಳಾಗಿರಬಾರದು.

ಕಡೆಯದಾಗಿ, ದೂರು ತಂದವರನ್ನು ಯಾರಿಗೆ ಒಪ್ಪಿಸುತ್ತೇವೆ? ಅವರು ಸಮಾಲೋಚನೆಗೆ ಬಂದದ್ದು ಒಂದು ಗಾಯವನ್ನು ಹೊತ್ತುಕೊಂಡು. ಈಗ ಗಾಯಗಳು ಎರಡಾಗಿವೆ. ದೂರು ದಾಖಲಾದ ದಿನವೇ ಅವರಿಗೆ ಬೇರೊಬ್ಬ ನಂಬಿಗಸ್ತ ಸಮಾಲೋಚಕರನ್ನು, ಬೇಕಾದರೆ ಬೇರೆ ಊರಿನವರನ್ನು, ಗೊತ್ತುಮಾಡಿಕೊಡುವುದು ಸಭೆಯ ಮೊದಲ ಕರ್ತವ್ಯ. ದೂರು ನಿಜವೋ ಸುಳ್ಳೋ ತೀರ್ಮಾನವಾಗುವವರೆಗೆ ಈ ಕೆಲಸ ಕಾಯಬೇಕಾಗಿಲ್ಲ. ತೀರ್ಪು ಯಾವುದೇ ಆದರೂ ನರಳುತ್ತಿರುವುದು ಒಂದು ಜೀವ.

ಕಾನ್‌ಸ್ಟಾಂಟಿನೋಪಲಿನ ಆ ಹೆಂಗಸಿನ ವಿಷಯದಲ್ಲಿ ಇಷ್ಟೊಂದನ್ನು ಯಾರೂ ಮಾಡಲಿಲ್ಲವೆಂದು ತೋರುತ್ತದೆ. ಮಾಡಿದ್ದರೆ ಸಾಕ್ರಟೀಸನು ಅದನ್ನೂ ಬರೆಯುತ್ತಿದ್ದನೇನೋ. ಸಿಂಧನೂರಿನ ಕ್ಯಾಂಪಿನಲ್ಲಿ, ಮುದಗಲ್ಲಿನ ಕೇರಿಯಲ್ಲಿ, ಮಸ್ಕಿಯ ಬೆಟ್ಟದ ಕೆಳಗಿನ ಮನೆಯಲ್ಲಿ ನಾಳೆ ಒಬ್ಬರು ನಮ್ಮ ಸಭೆಯ ಪಾಲಕನ ಮೇಲೆ ದೂರು ಹೇಳಲು ಧೈರ್ಯ ತಂದುಕೊಂಡರೆ, ಅವರ ಕಥೆ ಆ ಹೆಂಗಸಿನ ಕಥೆಯಂತೆ ಅರ್ಧಕ್ಕೆ ನಿಲ್ಲದಿರಲಿ. ಅದರ ಹೊಣೆ ಈ ಪುಟವನ್ನು ಓದುತ್ತಿರುವ, ನಾಳೆ ಆ ಊರುಗಳಿಗೆ ಪಾಲಕರಾಗಿ ಹೋಗಲಿರುವ ನಮ್ಮದು.